ಪ್ಲಾನು ಹಾಡಿಯ ಹೆಸರಲ್ಲಿ, ಲೀಸ್ ಯಾರ ಹೆಸರಲ್ಲಿ?

ಪೋಸ್ಟ್ ಸ್ವಲ್ಪ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ.

ಹೋದ ತಿಂಗಳು ನಾನು ಕೆಲಸ ಮಾಡೋ ಆಫೀಸಿಗೆ ಒಂದು ಯೋಜನಾ ವರದಿ ಬಂತು. ಆದಿವಾಸಿ ಹಾಡಿಯೊಂದರ ಪಕ್ಕ ‘ಸಮುದಾಯ ಪ್ರವಾಸೋದ್ಯಮ’ ಮಾಡೋ ಪ್ಲಾನು. ಯಾರೋ ಕನ್ಸಲ್ಟೆಂಟ್ ಬರೆದದ್ದು. ನಾನು ಗುಮಾಸ್ತ. ಪುಟ ಎಣಿಸಿ, ನಂಬರ್ ಹಾಕಿ, ಫೈಲಿಗೆ ಸೇರಿಸೋದಷ್ಟೇ ನನ್ನ ಕೆಲಸ. ಆದರೂ ಕೂತು ಓದಿದೆ. ಕಾಟೇಜಿನ ನಕ್ಷೆ, ಬಣ್ಣದ ಫೋಟೋ, ಐದು ವರ್ಷದ ಆದಾಯದ ಲೆಕ್ಕ ಎಲ್ಲ ಇತ್ತು. ‘ಸ್ಥಳೀಯರಿಗೆ ಅನುಕೂಲ’ ಅನ್ನೋ ಕಡೆ ಬರೆದಿದ್ದು ಇಷ್ಟು: ಅಡುಗೆ ಸಹಾಯಕರು, ತೋಟದ ಕೆಲಸ, ಕಾವಲು, ರೂಮು ಗುಡಿಸೋದು, ಸಂಜೆ ಅತಿಥಿಗಳ ಮುಂದೆ ಕುಣಿತ.

ಜಾಗ ಯಾರದು? ಲೀಸ್ ಯಾರ ಹೆಸರಿಗೆ? ಲಾಭದಲ್ಲಿ ಹಾಡಿಗೆ ಎಷ್ಟು ಪಾಲು? ಹುಡುಕಿದೆ. ಈ ಮೂರಕ್ಕೂ ಆ ವರದಿಯಲ್ಲಿ ಕಾಲಮ್ಮೇ ಇರಲಿಲ್ಲ.

ಇದನ್ನ ನೋಡಿದಾಗ ನನಗೆ ನಾಗರಹೊಳೆ ನೆನಪಾಯ್ತು. ಈಗಿನ ನಮ್ಮ ಹುಡುಗ ಹುಡುಗಿಯರಲ್ಲಿ ತುಂಬಾ ಜನಕ್ಕೆ ಆ ಹೋರಾಟ ಗೊತ್ತಿಲ್ಲ, ಅದಕ್ಕೇ ಬರೀತಿದ್ದೀನಿ.

ನಾಗರಹೊಳೆ ಕಾಡು ಮೈಸೂರು, ಕೊಡಗು ಎರಡೂ ಜಿಲ್ಲೆಗೆ ಸೇರಿದ್ದು. ಜೇನುಕುರುಬರು, ಬೆಟ್ಟಕುರುಬರು, ಯರವರು ತಲೆತಲಾಂತರದಿಂದ ಬಾಳಿದ ಜಾಗ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಾಡೊಳಗಿನ ಬದುಕೇ ಅಪರಾಧ ಅನ್ನೋ ಹಾಗಾಯ್ತು. ಬೇಸಾಯ ಬೇಡ, ಬೇಟೆ ಬೇಡ, ಜೇನು ಕೀಳಬೇಡ. ಸಾವಿರಾರು ಜನ ಹಾಡಿ ಬಿಟ್ಟು ಹೊರಗೆ ಬಂದರು. ಎಷ್ಟೋ ಕುಟುಂಬ ಕೊಡಗಿನ ಕಾಫಿ ತೋಟಗಳ ಲೈನ್‌ಮನೆ ಸೇರಿದವು. ಕಾಡಿನ ಮಕ್ಕಳು ಎಸ್ಟೇಟಿನ ಕೂಲಿಗಳಾದರು.

ಹೀಗೆ ‘ಕಾಡಿಗೆ ಮನುಷ್ಯರಿಂದ ಅಪಾಯ’ ಅಂದ ಅದೇ ಸರ್ಕಾರ, 1990ರ ದಶಕದಲ್ಲಿ ಅದೇ ಕಾಡಿನ ಒಳಗೆ, ಮುರ್ಕಲ್ ಅನ್ನೋ ಜಾಗವನ್ನು ತಾಜ್ ಸಮೂಹದ ಗೇಟ್‌ವೇ ಹೋಟೆಲ್ಸ್ ಕಂಪನಿಗೆ ರೆಸಾರ್ಟ್ ಮಾಡೋಕೆ ಲೀಸಿಗೆ ಕೊಟ್ಟಿತು. ಗೆಣಸು ಅಗೆಯೋ ಮುದುಕಿಯಿಂದ ಹುಲಿಗೆ ತೊಂದರೆ ಆಗುತ್ತೆ, ಜೀಪಲ್ಲಿ ಬರೋ ಅತಿಥಿಯಿಂದ ಆಗಲ್ಲ. ಇದು ಅವರ ಲೆಕ್ಕ.

ಆದಿವಾಸಿಗಳು ಸುಮ್ಮನಿರಲಿಲ್ಲ. ನಾಗರಹೊಳೆ ಬುಡಕಟ್ಟು ಜನರ ಹಕ್ಕು ಸ್ಥಾಪನಾ ಸಮಿತಿ ಅಂತ ಕಟ್ಟಿಕೊಂಡು 1996ರಲ್ಲಿ ಬೀದಿಗಿಳಿದರು, ಹೈಕೋರ್ಟಿಗೂ ಹೋದರು. 1997ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಆ ಲೀಸ್ ಕಾನೂನಿಗೆ ವಿರುದ್ಧ ಅಂತ ತೀರ್ಪು ಕೊಟ್ಟಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಪ್ರಕಾರ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕಿತ್ತು, ಅದನ್ನ ತಗೊಂಡಿರಲಿಲ್ಲ. ವನ್ಯಜೀವಿ ಕಾಯ್ದೆಯೂ ಉಲ್ಲಂಘನೆ ಆಗಿತ್ತು. ಅಷ್ಟು ದೊಡ್ಡ ಕಂಪನಿಯ ರೆಸಾರ್ಟ್ ನಿಂತುಹೋಯ್ತು. ಲಂಗೋಟಿ ಕಟ್ಟಿದವರ ಮಕ್ಕಳು ನಿಲ್ಲಿಸಿದರು.

ಇದು ಗೆಲುವೇ. ಆದರೆ ಈ ಗೆಲುವಿನ ಒಳಗೆ ಒಂದು ಮಾತಿದೆ. ಕೋರ್ಟು ಲೀಸ್ ರದ್ದು ಮಾಡಿದ್ದು ಅರಣ್ಯದ ಕಾನೂನು ಮುರಿದದ್ದಕ್ಕೆ. ‘ಈ ಜಾಗ ಜೇನುಕುರುಬರದ್ದು, ಅವರನ್ನ ಕೇಳಬೇಕಿತ್ತು’ ಅನ್ನೋ ಕಾರಣಕ್ಕೆ ಅಲ್ಲ. ಜಾಗ ಕಂಪನಿಯ ಕೈಯಿಂದ ವಾಪಸ್ ಸರ್ಕಾರದ ಕೈಗೆ ಹೋಯ್ತು. ಹಾಡಿಯ ಕೈಗೆ ಬರಲಿಲ್ಲ. ಹಕ್ಕನ್ನ ಕಾನೂನು ಒಪ್ಪೋಕೆ 2006ರ ಅರಣ್ಯ ಹಕ್ಕು ಕಾಯ್ದೆವರೆಗೆ ಕಾಯಬೇಕಾಯ್ತು. ಅದೇ ಕಾಯ್ದೆಯಡಿ 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಹುಲಿ ಮೀಸಲು ಪ್ರದೇಶದೊಳಗೇ ಸಮುದಾಯ ಹಕ್ಕು ಸಿಕ್ಕಿತು. ನಾಗರಹೊಳೆಯವರು ಇವತ್ತಿಗೂ ಅರ್ಜಿ ಹಿಡಿದು ಅಲೆಯೋದು ತಪ್ಪಿಲ್ಲ.

ಹಾಗಾದ್ರೆ ಆದಿವಾಸಿಗಳು ಪ್ರವಾಸೋದ್ಯಮ ಮಾಡಲೇಬಾರದಾ ಅಂತ ಕೆಲವರು ಕೇಳ್ತಾರೆ. ಯಾಕೆ ಮಾಡಬಾರದು? ನ್ಯೂಜಿಲೆಂಡಿನ ಮಾವೊರಿಗಳು ಮಾಡಿ ತೋರಿಸಿದ್ದಾರೆ.

ಅಲ್ಲಿ ದಕ್ಷಿಣ ದ್ವೀಪದ ಪೂರ್ವ ಕರಾವಳಿಯಲ್ಲಿ ಕೈಕೋರಾ ಅನ್ನೋ ಸಣ್ಣ ಊರು. 1980ರ ದಶಕದಲ್ಲಿ ಅಲ್ಲಿನ ಸರ್ಕಾರ ಖರ್ಚು ಕಡಿತ ಅಂತ ರೈಲ್ವೆಯಂಥ ಕಡೆ ಕೆಲಸ ತೆಗೆದಾಗ ಮೊದಲು ಬೀದಿಗೆ ಬಿದ್ದವರು ಮಾವೊರಿಗಳು. ಅವರ ಪೂರ್ವಿಕ ಪೈಕೇಯಾ ತಿಮಿಂಗಿಲದ ಬೆನ್ನ ಮೇಲೆ ಸಮುದ್ರ ದಾಟಿ ಬಂದ ಅಂತ ಅವರ ಕಥೆ. ಊರ ಮುಂದೇ ಆಳ ಕಡಲು, ವರ್ಷವಿಡೀ ತಿಮಿಂಗಿಲ ಕಾಣುತ್ತೆ. 1987ರಲ್ಲಿ ಕಾತಿ ಕೂರಿ ಅನ್ನೋ ಆ ಬುಡಕಟ್ಟಿನ ಹಿರಿಯರು ತಮ್ಮ ಮನೆಗಳನ್ನ ಅಡ ಇಟ್ಟು ಸಾಲ ತಂದು, ತಿಮಿಂಗಿಲ ತೋರಿಸೋ ಕಂಪನಿ ಶುರು ಮಾಡಿದರು. ಮೊದಲಿಗೆ ಗಾಳಿ ತುಂಬಿದ ಸಣ್ಣ ದೋಣಿ, ಆಮೇಲೆ ದೊಡ್ಡ ಹಡಗುಗಳು. ತಿಮಿಂಗಿಲ ಕಾಣದಿದ್ದರೆ ಟಿಕೆಟಿನ 80% ದುಡ್ಡು ವಾಪಸ್.

ವ್ಯಾಪಾರ ಕುದುರಿದ ಮೇಲೆ ಬೇರೆಯವರೂ ಪರವಾನಗಿ ಕೇಳಿಕೊಂಡು ಬಂದರು. ಮಾವೊರಿಗಳು ಕೋರ್ಟಿಗೆ ಹೋದರು. ಅವರ ಕೈಲಿ 1840ರ ವೈತಾಂಗಿ ಒಪ್ಪಂದ ಇತ್ತು. ಆ ಒಪ್ಪಂದದ ತತ್ವಗಳನ್ನ ಪಾಲಿಸಬೇಕು ಅಂತ ಆ ದೇಶದ ಸಂರಕ್ಷಣಾ ಕಾಯ್ದೆಯೇ ಹೇಳುತ್ತೆ. 1995ರಲ್ಲಿ ಮೇಲ್ಮನವಿ ನ್ಯಾಯಾಲಯ, ತಿಮಿಂಗಿಲದ ರಕ್ಷಣೆ ಎಲ್ಲಕ್ಕಿಂತ ಮೊದಲು, ಆದರೆ ಪರವಾನಗಿ ಕೊಡುವಾಗ ಈ ಬುಡಕಟ್ಟಿಗೆ ತಕ್ಕಮಟ್ಟಿನ ಆದ್ಯತೆ ಸಿಗಬೇಕು ಅಂತ ಹೇಳಿತು.

ವ್ಯತ್ಯಾಸ ನೋಡಿ. ಅಲ್ಲಿ ದೋಣಿ ಅವರದ್ದು, ಪರವಾನಗಿ ಅವರದ್ದು, ಸಾಲವೂ ಅವರದ್ದೇ, ಲಾಭವೂ ಅವರದ್ದೇ. ಇಲ್ಲಿ ನಮ್ಮ ಜನರದ್ದು ಬರೀ ಕುಣಿತ. ಅಲ್ಲಿಯೂ ಎಲ್ಲ ಸಲೀಸಾಗಿ ಬಂದಿದ್ದಲ್ಲ, ಮನೆ ಕಳ್ಕೊಳ್ಳೋ ಭಯ ಹೊತ್ತು ಮಾಡಿದ್ದು. ಆದರೆ ಅಡ ಇಡೋಕೆ ಅವರ ಹೆಸರಲ್ಲಿ ಒಂದು ಮನೆಯಾದರೂ ಇತ್ತು. ಹಕ್ಕುಪತ್ರವೇ ಇಲ್ಲದ ಹಾಡಿಯವನು ಯಾವ ಬ್ಯಾಂಕಿಗೆ ಏನು ಅಡ ಇಡ್ತಾನೆ?

ಇದು ಆದಿವಾಸಿಗಳ ವಿಷಯ, ನಮಗೇನು ಅನ್ನೋ ದಲಿತ ಬಂಧುಗಳಿಗೂ ಒಂದು ಮಾತು. ನಮ್ಮಪ್ಪನಿಗೆ ಸರ್ಕಾರ ಎರಡು ಎಕರೆ ಮಂಜೂರು ಮಾಡಿತ್ತು. ಅಕ್ಕನ ಮದುವೆ ಸಾಲಕ್ಕೆ ಅದನ್ನ ಬಿಡಿಗಾಸಿಗೆ ಬರೆದುಕೊಟ್ಟ. ಅಂಥ ಜಮೀನನ್ನ ಸರ್ಕಾರದ ಅನುಮತಿ ಇಲ್ಲದೆ ಮಾರೋ ಹಾಗಿಲ್ಲ ಅಂತ 1978ರ ಪಿಟಿಸಿಎಲ್ ಕಾಯ್ದೆ ಹೇಳುತ್ತೆ. ಅಪ್ಪನಿಗೆ ಯಾರೂ ಹೇಳಿರಲಿಲ್ಲ. ಈಗ ಅಲ್ಲಿ ರೆಸಾರ್ಟ್ ಇದೆ. ನನ್ನ ತಮ್ಮ ಅಲ್ಲೇ ಮಾಲಿ. ಅಪ್ಪ ಉಳುತ್ತಿದ್ದ ನೆಲದಲ್ಲೇ ಹುಲ್ಲುಹಾಸಿಗೆ ನೀರು ಬಿಡ್ತಾನೆ. ಆ ರೆಸಾರ್ಟಿನ ಪ್ಲಾನಲ್ಲೂ ‘ಸ್ಥಳೀಯರಿಗೆ ಉದ್ಯೋಗ’ ಅಂತ ಬರೆದಿರಬೇಕು. ಸುಳ್ಳೇನಲ್ಲ, ಉದ್ಯೋಗ ಕೊಟ್ಟಿದ್ದಾರೆ.

ಕನ್ಸಲ್ಟೆಂಟ್‌ಗಳು ಬೇಡ ಅಂತ ನಾನು ಹೇಳ್ತಿಲ್ಲ. ಲೆಕ್ಕ ಬರೆಯೋಕೆ, ಸಾಲಕ್ಕೆ ಅರ್ಜಿ ಹಾಕೋಕೆ ತಿಳಿದವರು ಬೇಕೇ ಬೇಕು. ಆದರೆ ಅವರನ್ನ ಕರೆಯೋದು ಗ್ರಾಮಸಭೆ ಆಗಬೇಕು. ಅವರು ಉತ್ತರ ಹೇಳಬೇಕಾದದ್ದು ಹಾಡಿಯ ಯಜಮಾನನಿಗೆ, ಬೆಂಗಳೂರಿಗಲ್ಲ. ಪ್ಲಾನಿನ ಮೊದಲ ಪುಟದಲ್ಲೇ ಜಾಗ ಯಾರದು, ಲೀಸ್ ಯಾರದು, ಪಾಲು ಎಷ್ಟು ಅಂತ ಇರಬೇಕು. ಅದಿಲ್ಲದ ಪ್ಲಾನು ಕೂಲಿ ಆಳುಗಳ ಪಟ್ಟಿ ಅಷ್ಟೇ.

ಆ ಫೈಲಿಗೆ ನಾನೇನು ಮಾಡಿದೆ ಅಂತ ಕೇಳ್ತೀರಿ. ಗುಮಾಸ್ತನ ಕೈಲಿ ಆಗೋದು ಒಂದೇ. ಟಿಪ್ಪಣಿ ಹಾಳೆಯಲ್ಲಿ ಬರೆದೆ: ‘ಸಂಬಂಧಿಸಿದ ಗ್ರಾಮಸಭೆಯ ನಿರ್ಣಯದ ಪ್ರತಿ ಲಗತ್ತಿಸಿರುವುದಿಲ್ಲ. ಅರಣ್ಯ ಹಕ್ಕು ಅರ್ಜಿಗಳ ಸ್ಥಿತಿ ತಿಳಿಸಿರುವುದಿಲ್ಲ.’ ಎರಡೇ ಸಾಲು. ಸಾಹೇಬರ ಟೇಬಲ್ ಮೇಲಿದೆ. ಒಪ್ಪುತ್ತಾರೋ, ಹಾಳೆ ಬದಲಾಯಿಸು ಅಂತಾರೋ ಗೊತ್ತಿಲ್ಲ.

ನಿಮ್ಮ ತಾಲ್ಲೂಕಲ್ಲೂ ಇಂಥ ವರದಿ ಬಂದಿರಬಹುದು. ಆರ್‌ಟಿಐ ಹಾಕಿ ಪ್ರತಿ ತಗೊಳ್ಳಿ. ಹಾಡಿಗೆ, ಕೇರಿಗೆ ಒಯ್ದು ಗಟ್ಟಿಯಾಗಿ ಓದಿ ಹೇಳಿ. ಮೂರು ಪ್ರಶ್ನೆ ಅವರೇ ಕೇಳ್ತಾರೆ.

ಜೈಭೀಮ್.