ಪೆನ್ ಡ್ರೈವ್ ಕೀಳುವ ಮುನ್ನ ಒಂದು ನಿಮಿಷ

ಚೆನ್ನೈಗೆ ಬಂದು ಇಪ್ಪತ್ತೇಳು ವರ್ಷವಾಯ್ತು. ಇಲ್ಲಿನ ಸೆಖೆಗೂ ಹೊಂದಿಕೊಂಡೆ, ಲಿನಕ್ಸಿಗೂ ಹೊಂದಿಕೊಂಡೆ ಅಂತ ಜಂಬ ಪಡುತ್ತಿದ್ದವನಿಗೆ ಬುದ್ಧಿ ಕಲಿಸಿದ್ದು ಒಂದು ಪೆನ್ ಡ್ರೈವ್.

2008ರ ಮಾತು. ತೀರ್ಥಹಳ್ಳಿಯಿಂದ ಬಂದಿದ್ದ ಅಮ್ಮನ ಕೈಲಿ ಹನ್ನೊಂದು ಹಸೆ ಹಾಡು ಹಾಡಿಸಿ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿದ್ದೆ. ತಂಗಿಗೆ ಕೊಡೋಣ ಅಂತ ಅವನ್ನೆಲ್ಲ ಪೆನ್ ಡ್ರೈವಿಗೆ ಕಟ್-ಪೇಸ್ಟ್ ಮಾಡಿದೆ. ಪರದೆ ಮೇಲೆ ಕೆಲಸ ಮುಗಿದಂತೆ ಕಂಡಿತು. ರೈಲಿಗೆ ಹೊತ್ತಾಗಿತ್ತು, ಕಿತ್ತು ಜೇಬಿಗೆ ಹಾಕಿಕೊಂಡು ಸೆಂಟ್ರಲ್‌ಗೆ ಓಡಿದೆ. ಬೆಂಗಳೂರಲ್ಲಿ ತೆರೆದರೆ ಹಾಡಿನ ಹೆಸರುಗಳಿವೆ, ಹಾಡಿಲ್ಲ!

ತಪ್ಪು ನನ್ನದೇ. ಯಾಕೆ ಹೀಗಾಯ್ತು ಅಂತ ಹುಡುಕುತ್ತಾ ಹೋದರೆ ಕಥೆ 1971ಕ್ಕೆ ಹೋಗಿ ಮುಟ್ಟಿತು.

ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಕಟ್ಟಿದ ಯುನಿಕ್ಸ್‌ನ ಮೊದಲ ಕೈಪಿಡಿ ಆ ವರ್ಷದ ನವೆಂಬರಿನದು. ಅದರಲ್ಲೇ 'ಮೌಂಟ್', 'ಯುಮೌಂಟ್' ಎರಡೂ ಇವೆ. ('ಅನ್‌ಮೌಂಟ್' ಆಗಬೇಕಿತ್ತು. ನಡುವಿನ ಅಕ್ಷರ ಬಿಟ್ಟರು, ಇವತ್ತಿಗೂ ಹಾಗೇ ಇದೆ!) ಆಗಿನ ಡಿಸ್ಕ್ ಅಂದರೆ ದೊಡ್ಡ ತಟ್ಟೆಯಂಥ ವಸ್ತು. ಕೈಯಾರೆ ಎತ್ತಿ ಯಂತ್ರಕ್ಕೆ ಏರಿಸಬೇಕಿತ್ತು. 'ಏರಿಸಿದ್ದೇನೆ', 'ಇಳಿಸುತ್ತಿದ್ದೇನೆ' ಅಂತ ಕಂಪ್ಯೂಟರಿಗೆ ತಿಳಿಸುವುದೇ ಈ ಎರಡು ಆಜ್ಞೆಗಳ ಕೆಲಸ.

1991ರಲ್ಲಿ ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಶುರು ಮಾಡಿದ ಲಿನಕ್ಸಿಗೂ ಇದೇ ಪದ್ಧತಿ ಬಂತು. 2000ದಲ್ಲಿ ಪೆನ್ ಡ್ರೈವ್ ಮಾರುಕಟ್ಟೆಗೆ ಬಂದಿತು. 2001ರ ಜನವರಿಯ ಲಿನಕ್ಸ್ 2.4ಕ್ಕೆ ಅದರ ಗುರುತಿತ್ತು. ಆದರೆ ಸಾಮಾನ್ಯವಾಗಿ ರೂಟ್ ಪಾಸ್‌ವರ್ಡ್ ಕೊಟ್ಟು, ಖಾಲಿ ಫೋಲ್ಡರ್ ಮಾಡಿ, ಮೌಂಟ್ ಆಜ್ಞೆ ಟೈಪಿಸಬೇಕಿತ್ತು. 2003-04ರ ಹೊತ್ತಿಗೆ ಯುಡೆವ್, ಹ್ಯಾಲ್ ಎಂಬ ತಂತ್ರಾಂಶಗಳು ಬಂದವು. ಆಮೇಲೆ ಚುಚ್ಚಿದರೆ ಸಾಕು, ತಾನೇ ತೆರೆದುಕೊಳ್ಳತೊಡಗಿತು. 2007ರಲ್ಲಿ ನಮ್ಮ ಚೆನ್ನೈನ ಸಿ-ಡ್ಯಾಕ್, ಡೆಬಿಯನ್ ಆಧರಿಸಿದ 'ಬಾಸ್' ಲಿನಕ್ಸನ್ನು ಭಾರತೀಯ ಭಾಷೆಗಳೊಂದಿಗೆ ತಂದಾಗ, ನನ್ನಂಥ ಬಿ.ಕಾಂ. ಓದಿದವರೂ ಲಿನಕ್ಸ್ ಕಡೆ ತಿರುಗಿ ನೋಡುವ ಕಾಲ ಬಂದಿತ್ತು.

ಏರಿಸುವುದು ತಾನಾಗೇ ಆಗತೊಡಗಿತು. ಇಳಿಸುವುದೂ ಒಂದು ಕೆಲಸ ಅನ್ನುವುದನ್ನೇ ನಾವು ಮರೆತೆವು!

ನಮ್ಮ ಬ್ಯಾಂಕಿನ ಹಳೇ ದಿನಗಳನ್ನು ನೆನೆಸಿಕೊಳ್ಳಿ. ಕೌಂಟರಿನಲ್ಲಿ ಹಣ ತಗೊಂಡು ಚಲನ್‌ಗೆ ಸೀಲು ಒತ್ತುತ್ತಿದ್ದೆವು. ಗ್ರಾಹಕರ ಪಾಲಿಗೆ ಕೆಲಸ ಮುಗಿಯಿತು. ಆದರೆ ಲೆಡ್ಜರಿಗೆ ಏರುತ್ತಿದ್ದುದು ಆಮೇಲೆ. ಲಿನಕ್ಸ್ ಕೂಡ ಹಾಗೇ. ಫೈಲನ್ನು ಮೊದಲು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ, ಸಾಮಾನ್ಯವಾಗಿ ಅರ್ಧ ನಿಮಿಷ ಬಿಟ್ಟು ಡ್ರೈವಿಗೆ ಬರೆಯಲು ಶುರುಮಾಡುತ್ತದೆ. ವೇಗಕ್ಕಾಗಿ ಈ ಉಪಾಯ. 'ಎಜೆಕ್ಟ್' ಒತ್ತಿದರೆ, ಇಲ್ಲವೇ ಯುಮೌಂಟ್ ಕೊಟ್ಟರೆ, ಉಳಿದ ಬಾಕಿಯನ್ನೆಲ್ಲ ಬರೆದು ಲೆಕ್ಕ ಮುಗಿಸುತ್ತದೆ. ನಾನು ಲೆಡ್ಜರ್ ಬರೆಯುವ ಮೊದಲೇ ಪುಸ್ತಕ ಕಸಿದುಕೊಂಡು ಓಡಿದ್ದೆ.

ಇನ್ನೊಂದು ಪಾಠ: ಕಟ್ ಬೇಡ, ಕಾಪಿ ಮಾಡಿ. ಇನ್ನೊಂದು ಕಡೆ ತೆರೆದು ನೋಡಿದ ಮೇಲೆ ಮೂಲವನ್ನು ಅಳಿಸಿದರಾಯ್ತು.

ಅಮ್ಮ ಬೇಸರಿಸದೆ ಮತ್ತೆ ಹಾಡಿದಳು. ಏಳು ಹಾಡು ನೆನಪಿಗೆ ಬಂದವು. ಉಳಿದ ನಾಲ್ಕು ಬರಲೇ ಇಲ್ಲ. ಈಗ ಕೇಳೋಣವೆಂದರೆ ಅವಳೂ ಇಲ್ಲ.

ನಿಮ್ಮ ಪೆನ್ ಡ್ರೈವಿನಲ್ಲಿ ಏನೇನಿದೆಯೋ... ಕೀಳುವ ಮುನ್ನ ಒಂದು ನಿಮಿಷ ಇರಿ, ಆಯ್ತಾ?