ನೀರು ತೋರಿದ ಮಟ್ಟ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಬಾಳನ್ನು ಬದಲಿಸಿದ್ದು ನೀರು. ಆ ನೀರಿಗೆ ದಾರಿಯನ್ನಿತ್ತದ್ದು ಮಟ್ಟ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆಯ ಕೆಲಸವು 1932ರ ವೇಳೆಗೆ ಮುಗಿಯಿತು. ಸುಣ್ಣಸುರ್ಕಿಯ ಗಾರೆಯಿಂದ ಕಟ್ಟಿದ ಆ ಅಣೆಕಟ್ಟಿನಿಂದ ಹೊರಟು, ಹುಲಿಕೆರೆಯ ಸುರಂಗವನ್ನು ಹಾದುಬಂದ ನಾಲೆಯು ಮೊದಲು ಇರ್ವಿನ್ ನಾಲೆಯೆಂದೂ, ಅನಂತರ ವಿಶ್ವೇಶ್ವರಯ್ಯ ನಾಲೆಯೆಂದೂ ಹೆಸರಾಯಿತು. ರಾಗಿಯ ಬೆದ್ದಲಿನಲ್ಲಿ ಭತ್ತ, ಕಬ್ಬು ತಲೆಯೆತ್ತಿದವು; 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಸ್ಥಾಪನೆಗೊಂಡಿತು. ನಾಲೆಯ ಇಳಿಜಾರಿನ ಲೆಕ್ಕ ತಪ್ಪಿದ್ದರೆ ಕೊನೆಯ ಗದ್ದೆಗಳು ಒಣಗಿಯೇ ಉಳಿಯುತ್ತಿದ್ದವು.

ಇಂಜಿನಿಯರರು ದುರ್ಬೀನಿನ ಉಪಕರಣದಿಂದ ನೋಡುವ ಮಟ್ಟವನ್ನು ಗಾರೆಯವರು ಪಾರದರ್ಶಕ ಕೊಳವೆಯೊಂದರಿಂದ ನೋಡುತ್ತಾರೆ. ಗಾಳಿಗುಳ್ಳೆ ಉಳಿಯದಂತೆ ನೀರು ತುಂಬಿ, ಎರಡು ತುದಿಗಳನ್ನೂ ಮೊದಲು ಜೊತೆಯಾಗಿ ಹಿಡಿಯಬೇಕು. ನೀರು ಸಮನಾಗಿ ನಿಂತರೆ ಕೊಳವೆ ನಂಬಿಕೆಗೆ ಯೋಗ್ಯ. ಬಳಿಕ ಒಂದು ತುದಿಯ ನೀರನ್ನು ಮೊದಲ ಮೂಲೆಯ ಗುರುತಿಗೆ ಸರಿಹೊಂದಿಸಿ, ಎರಡೂ ಕಡೆ ನೀರು ನಿಶ್ಚಲವಾದ ಮೇಲೆ ಎದುರು ಮೂಲೆಯಲ್ಲಿ ಅದೇ ಎತ್ತರಕ್ಕೆ ಗೆರೆ ಎಳೆಯಬೇಕು. ಸಾಗಿಸುವಾಗ ಹೆಬ್ಬೆರಳಿನಿಂದ ಮುಚ್ಚಿದ ತುದಿಗಳನ್ನು ಅಳೆಯುವಾಗ ತೆರೆಯಲೇಬೇಕು; ಒಂದು ಮುಚ್ಚಿದ್ದರೂ, ಕೊಳವೆ ಮಡಿಚಿದ್ದರೂ ಅಳತೆ ಕೆಡುವುದು. ನಡುವೆ ಗೋಡೆಯೇ ಅಡ್ಡವಿದ್ದರೂ ನೀರು ಮಾತ್ರ ಮೋಸಮಾಡದು.

ದೇವಾಲಯವಾಗಲಿ, ಶಾಲೆಯಾಗಲಿ, ಬಡವನ ಮನೆಯಾಗಲಿ, ತಳಪಾಯದ ಮಟ್ಟದಲ್ಲಾದ ತಪ್ಪು ಸೂರಿನವರೆಗೂ ಹಿಂಬಾಲಿಸುವುದು. ಶಂಕುಸ್ಥಾಪನೆಯ ಕಲ್ಲಿನ ಮೇಲೆ ಗಣ್ಯರ ಹೆಸರು ಉಳಿಯುತ್ತದೆ. ಮಟ್ಟ ಹಿಡಿದ ಕೂಲಿಗಾರನ ಹೆಸರು ಉಳಿಯುವುದಿಲ್ಲ. ನಮ್ಮ ಹಿರಿಯರನ್ನು ನೆನೆಯುವಾಗ ಆ ಹೆಸರಿಲ್ಲದ ಕೈಗಳನ್ನೂ ಕೃತಜ್ಞತೆಯಿಂದ ಸ್ಮರಿಸೋಣ.