ಗುಲ್ಮದ ಮೇಲಿನ ಗಂಟುಗಳು

ಕೀಮೋಥೆರಪಿಯ ಹಲವು ಔಷಧಿಗಳನ್ನು ಸುಮಾರು ಮೂರು ವಾರಗಳ ಅಂತರದಲ್ಲಿ ಕೊಡುತ್ತಾರೆ. ಔಷಧಿ ಕೊಟ್ಟ ಒಂದೆರಡು ವಾರಗಳಲ್ಲಿ ರಕ್ತದ ಬಿಳಿಕಣಗಳ ಸಂಖ್ಯೆ ತಳ ಮುಟ್ಟುತ್ತದೆ. ಆಗ ಸಣ್ಣ ಸೋಂಕೂ ಪ್ರಾಣಕ್ಕೆ ಎರವಾಗಬಹುದು. ಬಳಿಕ ಸಂಖ್ಯೆ ತಾನಾಗಿ ಏರುತ್ತದೆ. ವಿಭಜನೆಯಾಗುವ ಕೋಶಗಳನ್ನು ಕೊಲ್ಲುವ ಔಷಧಿಯಿಂದ ರಕ್ತದ ಮೂಲಕೋಶಗಳು ತಪ್ಪಿಸಿಕೊಳ್ಳುವುದು ಹೇಗೆ? ಇದರ ಉತ್ತರ ವಿಕಿರಣದ ಪ್ರಯೋಗಗಳಿಂದ ಬಂತು.

ಕೆನಡಾದ ಟೊರಾಂಟೊದಲ್ಲಿರುವ ಒಂಟಾರಿಯೊ ಕ್ಯಾನ್ಸರ್ ಸಂಸ್ಥೆಯಲ್ಲಿ ಜೀವಭೌತವಿಜ್ಞಾನಿ ಜೇಮ್ಸ್ ಟಿಲ್ ಮತ್ತು ವೈದ್ಯ ಅರ್ನೆಸ್ಟ್ ಮೆಕಲಕ್ ಜೊತೆಗೂಡಿ ದುಡಿಯುತ್ತಿದ್ದರು. ಇಲಿಗಳಿಗೆ ಮಾರಕ ಪ್ರಮಾಣದ ವಿಕಿರಣ ಕೊಟ್ಟು, ಆರೋಗ್ಯವಂತ ಇಲಿಗಳ ಅಸ್ಥಿಮಜ್ಜೆಯ ಕೋಶಗಳನ್ನು ಎಣಿಸಿ ಅವುಗಳ ರಕ್ತಕ್ಕೆ ಸೇರಿಸುತ್ತಿದ್ದರು. ಒಂದು ಭಾನುವಾರ, ಹತ್ತು ದಿನ ಕಳೆದ ಇಲಿಗಳ ಗುಲ್ಮದ ಮೇಲೆ ಮೆಕಲಕ್ ಪುಟ್ಟ ಗಂಟುಗಳನ್ನು ಕಂಡರು. ಕಂಡದ್ದಷ್ಟೇ ಅಲ್ಲ, ಎಣಿಸಿದರು, ನಕ್ಷೆ ಬರೆದರು. ಗಂಟುಗಳ ಸಂಖ್ಯೆ ಸೇರಿಸಿದ ಕೋಶಗಳ ಸಂಖ್ಯೆಗೆ ನೇರ ಅನುಪಾತದಲ್ಲಿತ್ತು: ಸುಮಾರು 10,000 ಮಜ್ಜೆಕೋಶಗಳಿಗೆ ಒಂದು ಗಂಟು. ಗಂಟು ಕಟ್ಟಲು ಎರಡು ಕೋಶಗಳು ಸಂಧಿಸಬೇಕಾಗಿದ್ದರೆ ನಕ್ಷೆಯಲ್ಲಿ ವರ್ಗದ ವಕ್ರರೇಖೆ ಬರಬೇಕಿತ್ತು. ಬಂದದ್ದು ಸರಳರೇಖೆ. ಭೌತವಿಜ್ಞಾನ ಕಲಿಸುವ ನನಗೆ ಈ ಇತಿಹಾಸದಲ್ಲಿ ಎಲ್ಲಕ್ಕಿಂತ ಪ್ರಿಯವಾದದ್ದು ಈ ರೇಖೆಯೇ. ಫಲಿತಾಂಶ 1961ರಲ್ಲಿ ‘ರೇಡಿಯೇಷನ್ ರಿಸರ್ಚ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 1963ರಲ್ಲಿ ಅವರ ವಿದ್ಯಾರ್ಥಿ ಆಂಡ್ರ್ಯೂ ಬೆಕರ್, ವಿಕಿರಣದಿಂದ ವಿರೂಪಗೊಂಡ ವರ್ಣತಂತುಗಳನ್ನೇ ಗುರುತಾಗಿ ಬಳಸಿ, ಒಂದು ಗಂಟಿನ ಕೋಶಗಳು ಒಂದೇ ಆಕರಕೋಶದ, ಅಂದರೆ ಸ್ಟೆಮ್ ಸೆಲ್‌ನ, ಸಂತತಿ ಎಂದು ತೋರಿಸಿದರು.

ಔಷಧಿಯ ಪ್ರಶ್ನೆಗೆ ನೇರವಾಗಿ ತಾಗುವ ಪ್ರಯೋಗ 1965ರದು. ಡಿಎನ್‌ಎ ಕಟ್ಟಲು ಬೇಕಾದ ಥೈಮಿಡಿನ್‌ಗೆ ವಿಕಿರಣಶೀಲ ಟ್ರಿಟಿಯಂ ಜೋಡಿಸಿ ಕೊಟ್ಟರೆ, ವಿಭಜನೆಗೆ ಸಿದ್ಧವಾಗುತ್ತಿರುವ ಕೋಶ ಅದನ್ನು ಹೀರಿಕೊಂಡು ಸಾಯುತ್ತದೆ. ಸಾಮಾನ್ಯ ಇಲಿಯ ಮಜ್ಜೆಯಲ್ಲಿ ಗಂಟು ಕಟ್ಟುವ ಕೋಶಗಳಲ್ಲಿ ಹೆಚ್ಚಿನವು ಉಳಿದವು. ರಕ್ತವನ್ನು ಮರುನಿರ್ಮಿಸುತ್ತಿದ್ದ ಇಲಿಯಲ್ಲಿ ಬಹಳಷ್ಟು ಸತ್ತವು. ಎಂದರೆ ಅವು ಸಾಮಾನ್ಯವಾಗಿ ವಿಶ್ರಾಂತಿಯಲ್ಲಿರುತ್ತವೆ, ಕೊರತೆ ಬಿದ್ದಾಗ ಎಚ್ಚರಗೊಳ್ಳುತ್ತವೆ. ಮರುವರ್ಷ ಅದೇ ಸಂಸ್ಥೆಯ ರಾಬರ್ಟ್ ಬ್ರೂಸ್ ಮತ್ತು ಸಂಗಡಿಗರು ಹಲವು ಕ್ಯಾನ್ಸರ್ ಔಷಧಿಗಳನ್ನು ಪರೀಕ್ಷಿಸಿದರು. ಸದಾ ವಿಭಜಿಸುವ ಲಿಂಫೋಮಾ ಕೋಶಗಳು ಅವುಗಳಲ್ಲಿ ಅನೇಕಕ್ಕೆ ಬಹುಬೇಗ ಬಲಿಯಾದವು, ಆಕರಕೋಶಗಳು ಅಷ್ಟಾಗಿ ಬಲಿಯಾಗಲಿಲ್ಲ. ಆದರೆ ಎಚ್ಚರಗೊಂಡ ಹೊತ್ತಿನಲ್ಲೇ ಮತ್ತೆ ಔಷಧಿ ಬಿದ್ದರೆ ಅವೂ ಸಾಯುತ್ತವೆ. ಎರಡು ಸರದಿಗಳ ನಡುವೆ ಬಿಡುವು ಬೇಕಾಗುವುದಕ್ಕೆ ಇದೂ ಒಂದು ಕಾರಣ.

1979ರಲ್ಲಿ ಆಸ್ಟ್ರೇಲಿಯದ ಹಾಜ್ಸನ್ ಮತ್ತು ಬ್ರಾಡ್ಲಿ ಈ ಕಥೆಯನ್ನು ತಿದ್ದಿದರು. 5-ಫ್ಲೋರೊಯುರಾಸಿಲ್ ಕೊಟ್ಟ ಇಲಿಗಳಲ್ಲಿ ಗಂಟು ಕಟ್ಟುವ ಕೋಶಗಳೇ ಬಹುಪಾಲು ನಾಶವಾಗಿದ್ದವು. ಆದರೂ ಉಳಿದ ಮಜ್ಜೆಗೆ ರಕ್ತವನ್ನು ಮರುನಿರ್ಮಿಸುವ ಶಕ್ತಿಯಿತ್ತು. ಟೊರಾಂಟೊದಲ್ಲಿ ಎಣಿಸಿದ ಕೋಶಗಳ ಹಿಂದೆ, ಇನ್ನೂ ಗಾಢವಾದ ವಿಶ್ರಾಂತಿಯಲ್ಲಿ, ಅವುಗಳ ಪೂರ್ವಜರು ಇದ್ದರು.